ಗಣಿತದ ಸರ್ ಮತ್ತು ಅವರ ಪೋಕ್ರಿ ಕುದುರೆ

ನಮ್ಮ ಗಣಿತದ ಸರ್ ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಬಂತು. ಕೈಮುಗಿದ ಚಿತ್ರಗಳೆಲ್ಲ ಮುಗಿದದ್ದೇ ತಡ, ಪೆಟ್ಟಿನ ಮೆರವಣಿಗೆ ಶುರುವಾಯಿತು. ಒಬ್ಬನಿಗೆ ಅಂಗೈಗೆ ಬಿದ್ದದ್ದು, ಇನ್ನೊಬ್ಬನಿಗೆ ಮೀನಖಂಡಕ್ಕೆ ಬಿದ್ದದ್ದು, ಮತ್ತೊಬ್ಬನಿಗೆ ಬೆತ್ತ ತುಂಡಾಗಿ ಹೊಸ ಬೆತ್ತ ತರಲು ಅವನನ್ನೇ ಕಳಿಸಿದ್ದು. ಎಲ್ಲರ ಕೊನೆಯ ಸಾಲೂ ಒಂದೇ: ಸರ್ ಕೊಟ್ಟ ಪೆಟ್ಟಿನಿಂದಲೇ ನಾವು ಮನುಷ್ಯರಾದೆವು. ಓದಿ ಓದಿ ನನಗೆ ಮೈ ಉರಿಯಿತು. ಪೆಟ್ಟು ತಿಂದು ಮನುಷ್ಯರಾಗುವುದಾದರೆ ಗಾಣದ ಎತ್ತುಗಳೆಲ್ಲ ಇಷ್ಟು ಹೊತ್ತಿಗೆ ವಕೀಲಿ ಮಾಡಿಕೊಂಡಿರಬೇಕಿತ್ತು. ಹಾಗೆಂದು ಟೈಪ್ ಮಾಡಿದೆ, ಅಳಿಸಿದೆ. ಕೊನೆಯ ದಿನಗಳಲ್ಲಿ ಸರ್ ಅವರಿಗೆ ಈ ಪೆಟ್ಟಿನ ಹೊಗಳಿಕೆ ಕೇಳಿದರೆ ಆಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಯಾಕೆ ಆಗುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು.

ಅವರನ್ನು ನೋಡದವರಿಗೆ ಹೇಳುವುದಾದರೆ, ಬಿಳಿ ಪಂಚೆ, ಬಿಳಿ ಅಂಗಿ, ಮಳೆ ಇರಲಿ ಇಲ್ಲದಿರಲಿ ಕಂಕುಳಲ್ಲಿ ಒಂದು ಛತ್ರಿ. ಬೋರ್ಡಿನ ಮೇಲೆ ಬರಿಗೈಯಲ್ಲಿ ವೃತ್ತ ಎಳೆದರೆ ಬಳೆ ಇಟ್ಟು ಗೀರಿದ ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು. ಲೆಕ್ಕ ಮುಗಿದ ಮೇಲೆ ಉತ್ತರದ ಕೆಳಗೆ ಒಂದೇ ಎಳೆತದಲ್ಲಿ ಗೆರೆ ಹಾಕಿ ಸೀಮೆಸುಣ್ಣದಿಂದ ಟಕಟಕ ಎಂದು ಕುಟ್ಟುತ್ತಿದ್ದರು. "ಉತ್ತರ ಯಾರ ಹತ್ತಿರ ಬೇಕಾದರೂ ಸಿಗುತ್ತದೆ. ನನಗೆ ಹಂತ ಬೇಕು, ಹಂತ" ಎನ್ನುವುದು ಅವರ ನಿತ್ಯದ ಮಾತು. ಮನೆಮಾತು ತುಳುವಾದರೂ ಶಾಲೆಯ ಗೇಟಿನೊಳಗೆ ಅವರ ಬಾಯಲ್ಲಿ ಒಂದು ತುಳು ಶಬ್ದ ಬಂದದ್ದನ್ನು ಯಾರೂ ಕೇಳಿಲ್ಲ. ಅಚ್ಚಾದ ಪುಸ್ತಕವನ್ನು ಓದಿದ ಹಾಗೆ ಕನ್ನಡ ಮಾತಾಡುತ್ತಿದ್ದರು, ಬೈಯುವಾಗಲೂ. ವಿದ್ಯಾರ್ಥಿಗಳ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ಕುಡಿದರೆ ಮಾರ್ಕು ಕೊಡುವಾಗ ಕೈ ನಡುಗುತ್ತದಂತೆ. ಅಂಥ ನ್ಯಾಯಸ್ಥರು.

ಆ ನ್ಯಾಯಸ್ಥರು ನನ್ನನ್ನು ಸೊಕ್ಕಿನವಳು ಎಂದು ತೀರ್ಮಾನಿಸಿದ್ದರು. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ನಾನು. ಉದ್ದ ಇದ್ದವರು ಹಿಂದಿನ ಬೆಂಚಿಗೆ ಎಂಬುದು ನಮ್ಮ ಶಾಲೆಗಳಲ್ಲಿ ಯಾರೂ ಪ್ರಶ್ನಿಸದ ಕಾನೂನು. ಅಲ್ಲಿಂದ ನನಗೆ ಬೋರ್ಡಿನಲ್ಲಿ ಕಾಣುತ್ತಿದ್ದದ್ದು ಬಿಳಿ ಮಂಜು ಮಾತ್ರ. ಪಕ್ಕದವಳ ಪುಸ್ತಕ ನೋಡಿ ಬರೆದರೆ ಕಾಪಿ ಎಂದು ಪೆಟ್ಟು. ಬೇರೆ ಕೂರಿಸಿದಾಗ ಏನೂ ಬರೆಯದಿದ್ದರೆ ಸೊಕ್ಕು ಎಂದು ಪೆಟ್ಟು. ಕಣ್ಣನ್ನು ಕಿರಿದು ಮಾಡಿ ಬೋರ್ಡು ನೋಡಲು ಹೋದದ್ದಕ್ಕೆ ಒಮ್ಮೆ ಇಡೀ ಕ್ಲಾಸಿನ ಎದುರು, "ಅಣಕಿಸುತ್ತೀಯಾ ನನ್ನನ್ನು? ಹೊರಗೆ ನಿಲ್ಲು!" ಎಂದರು. ಅದು ಅವರ ದೊಡ್ಡ ಶಿಕ್ಷೆ. ಕಿಟಕಿಯ ಹೊರಗೆ ಅಂಗಳದ ಬಿಸಿಲಿನಲ್ಲಿ ನಿಂತು ಅಲ್ಲಿಂದ ಪಾಠ ಕೇಳಬೇಕು. ಸಣ್ಣ ತರಗತಿಯ ಮಕ್ಕಳು ನೀರು ಕುಡಿಯಲು ಬಂದವರು ನೋಡಿ ನಗುತ್ತಾ ಹೋಗುತ್ತಿದ್ದರು.

ಕಾಣುವುದಿಲ್ಲ ಎಂದು ಹೇಳಲಿಕ್ಕೆ ನಿನಗೆ ಬಾಯಿ ಇರಲಿಲ್ಲವಾ ಎಂದು ನೀವು ಕೇಳಬಹುದು. ಕಾಣುವುದಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲವಲ್ಲ! ಬೋರ್ಡು ಎಲ್ಲರಿಗೂ ಹಾಗೆಯೇ ಮಂಜಾಗಿ ಕಾಣುತ್ತದೆ, ಬುದ್ಧಿವಂತರು ಅದರಲ್ಲೂ ಅಕ್ಷರ ಹುಡುಕಿಕೊಳ್ಳುತ್ತಾರೆ, ನಾನು ದಡ್ಡಿ ಎಂದುಕೊಂಡಿದ್ದೆ. ಬಸ್ಸಿನ ಬೋರ್ಡಾದರೂ ಓದಬೇಕಾಗಿ ಬಂದಿದ್ದರೆ ತಿಳಿಯುತ್ತಿತ್ತೋ ಏನೋ. ನಮ್ಮ ಕಂಡಕ್ಟರುಗಳು "ಉಡ್ಪಿ ಉಡ್ಪಿ ಉಡ್ಪಿ" ಎಂದು ಗಂಟಲು ಹರಿದುಕೊಳ್ಳುವಾಗ ಬೋರ್ಡು ಓದುವ ಗ್ರಹಚಾರ ಯಾರಿಗೆ? ಹತ್ತನೆಯದರಲ್ಲಿ ಗಣಿತ ಹೋಯಿತು. ಮತ್ತೆ ಕಟ್ಟಿದೆ, ಮತ್ತೆ ಹೋಯಿತು. ಅಪ್ಪ ಸಾಕು ಎಂದರು. ಉಡುಪಿಯ ಸೀರೆ ಅಂಗಡಿಗೆ ಸೇರಿದೆ. ಅಲ್ಲಿ ಒಂದು ದಿನ ತಮಾಷೆಗೆ ಕ್ಯಾಶಿನವರ ಕನ್ನಡಕ ಎತ್ತಿ ಹಾಕಿಕೊಂಡರೆ, ಎದುರಿನ ರಸ್ತೆಯ ಅಂಗಡಿಗಳ ಹೆಸರೆಲ್ಲ ನನ್ನ ಮುಖಕ್ಕೇ ಬಂದು ನಿಂತವು. ಸೀರೆಗಳ ರಾಶಿಯ ಹಿಂದೆ ಕೂತು ಅತ್ತದ್ದು ಈಗಲೂ ನೆನಪುಂಟು. ಕಾಣಿಸಿದ ಸಂತೋಷಕ್ಕಲ್ಲ, ಸಿಟ್ಟಿಗೆ.

ಆಮೇಲೆ ಮದುವೆ, ಪರ್ಕಳದಲ್ಲಿ ಬಾಡಿಗೆ ಮನೆ, ವಿಮೆಯ ಏಜೆಂಟ್ ಕೆಲಸ. ಸ್ಕೂಟರಿನಲ್ಲಿ ಕಾಪುವಿನಿಂದ ಕಾರ್ಕಳದವರೆಗೆ ನಾನು ಮೆಟ್ಟದ ಜಗುಲಿ ಇಲ್ಲ. ಎಷ್ಟು ಓದಿದ್ದೀರಿ ಎಂದು ಗಿರಾಕಿಗಳು ಕೇಳಿದರೆ "ಪಿಯುಸಿ" ಎನ್ನುತ್ತಿದ್ದೆ. ಹತ್ತನೆಯದು ಫೇಲಾದವಳು ಎಂದು ಹೇಳಲು ಈ ದೊಡ್ಡ ಬಾಯಿಗೂ ಆಗುತ್ತಿರಲಿಲ್ಲ. ನಾಚಿಕೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಿದ್ದೆ. ಗೇಟಿನ ಹತ್ತಿರ ಛತ್ರಿ ಹಿಡಿದ ಬಿಳಿ ಪಂಚೆ ಕಂಡಿತು. ನಾನು ಮಾಡಿದ್ದು ಹೇಳಿದರೆ ನಂಬುತ್ತೀರಾ? ಮದುವೆಯ ವಯಸ್ಸಿನ ಮಗಳಿರುವವಳು ನಾನು, ಸಂಡಿಗೆಯ ತಟ್ಟೆ ಕೆಳಗಿಟ್ಟು ಕ್ಲಾಸಿನಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತೆ.

ಸರ್ ಒಳಗೆ ಬಂದರು. ಕುಶಲವಿಲ್ಲ, ಪೀಠಿಕೆಯಿಲ್ಲ. "ನೀನು ಕನ್ನಡಕ ಹಾಕಿದ್ದು ಯಾವಾಗ?" ಎಂದರು.

"ಶಾಲೆ ಬಿಟ್ಟ ಮೇಲೆ ಸರ್."

"ನಂಬರು ಎಷ್ಟು?"

"ಮೈನಸ್ ಏಳು."

ಸರ್ ಕಣ್ಣು ಮುಚ್ಚಿಕೊಂಡರು. ನಾನು ಹೆದರಿ ಕುರ್ಚಿ ಎಳೆದೆ. ಕೂರಲಿಲ್ಲ. "ಮೊನ್ನೆ ಕಾಪುವಿನ ಬ್ಯಾಂಕಿನಲ್ಲಿ ನಿನ್ನನ್ನು ಕಂಡೆ. ನೀನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದೆ. ಟೋಕನ್ ನಂಬರು ನೋಡಲಿಕ್ಕೆ ಕಣ್ಣು ಕಿರಿದು ಮಾಡಿದೆ. ಅದೇ ಮುಖ ಮಾರಾಯ್ತಿ. ನನ್ನನ್ನು ಅಣಕಿಸಿದ್ದು ಅಂತ ಹೇಳಿ ನಾನು ಬಿಸಿಲಿಗೆ ನಿಲ್ಲಿಸಿದ್ದೆನಲ್ಲ, ಅದೇ ಮುಖ."

ಆಮೇಲೆ ಅವರು ಹೇಳಿದ್ದು ಒಂದು ಕುದುರೆಯ ಕಥೆ. ನಿವೃತ್ತಿಯಾದ ಗಣಿತದ ಮೇಷ್ಟ್ರಿಗೂ ಕುದುರೆಗೂ ಎಂತ ಸಂಬಂಧ ಎಂದರೆ, ಎಲ್ಲ ಅಳಿಯನ ಉಪಕಾರ. ಗಲ್ಫಿನಿಂದ ಕೆಲಸ ಬಿಟ್ಟು ಬಂದ ಅಳಿಯ, ಕಾಪು ಬೀಚಿನಲ್ಲಿ ಸವಾರಿಗೆ, ಮಣಿಪಾಲದ ಹಾಲ್‌ಗಳಲ್ಲಿ ಮದುಮಗನ ಮೆರವಣಿಗೆಗೆ ಆದೀತೆಂದು ಒಂದು ಬಿಳಿ ಹೆಣ್ಣು ಕುದುರೆಯನ್ನು ಕೊಂಡ. ಹೆಸರು ಚಾಂದನಿ. ಅಷ್ಟರಲ್ಲಿ ಮತ್ತೆ ವೀಸಾ ಬಂತು, ಅವನು ಹಾರಿದ. ಚಾಂದನಿ ಮಾವನ ಹಳೆ ದನದ ಕೊಟ್ಟಿಗೆಯಲ್ಲಿ ಉಳಿಯಿತು. ಒಬ್ಬ ಆಳನ್ನು ಇಟ್ಟುಕೊಂಡು ಬೀಚಿನ ವ್ಯಾಪಾರವನ್ನು ಸರ್ ತಾವೇ ನಡೆಸಲು ಹೊರಟರು. ಕ್ಲಾಸುಗಳನ್ನೇ ಪಳಗಿಸಿದವನಿಗೆ ಒಂದು ಕುದುರೆ ಯಾವ ಲೆಕ್ಕ ಎಂಬ ಧೈರ್ಯ.

ಆದರೆ ಚಾಂದನಿ ಪೋಕ್ರಿ. ಬೆನ್ನಿಗೆ ತಡಿ ಹಾಕಲು ಹತ್ತಿರ ಹೋದರೆ ಕಚ್ಚುವುದು, ಗೇಟಿನ ಕಂಬಕ್ಕೆ ಹೋಗಿ ತಾಗುವುದು, ಬೀಚಿಗೆ ಹೋಗುವ ದಾರಿಯಲ್ಲಿ ಗುಳಿಗ ದೈವದ ಕಲ್ಲಿರುವ ತಿರುವು ಬಂದ ಕೂಡಲೇ ನಾಲ್ಕೂ ಕಾಲು ಊರಿ ನಿಲ್ಲುವುದು. ಮಣಿಪಾಲದ ಒಂದು ಮದುವೆಯಲ್ಲಿ ಬ್ಯಾಂಡಿನವನು ಪಕ್ಕಕ್ಕೆ ಬಂದನೆಂದು ಎದ್ದು ನಿಂತು ಮದುಮಗನನ್ನು ಪೇಟ ಸಮೇತ ಕೆಳಗಿಳಿಸಿತು. ನೆರೆಯವರೆಲ್ಲ ಅದು ಗುಳಿಗನನ್ನು ಕಂಡು ಬೆದರುವುದೆಂದು ಹೇಳಿದರು. ನಮ್ಮಲ್ಲಿ ದೈವದ ಕಲ್ಲಿನ ಹತ್ತಿರ ಪ್ರಾಣಿ ನಿಂತರೆ ಯಾರೂ ಪ್ರಾಣಿಯ ಕಾಲು ನೋಡುವುದಿಲ್ಲ, ಕಣ್ಣೂ ನೋಡುವುದಿಲ್ಲ, ಕೈಮುಗಿಯುತ್ತಾರೆ. ಸರ್ ಹೆಂಡತಿ ಜೋಯಿಸರಲ್ಲಿ ಪ್ರಶ್ನೆ ಇರಿಸಿದರು, ಕಲ್ಲಿಗೆ ಸೀಯಾಳ ಹರಕೆ ಹೇಳಿದರು. ಸರ್ ಮಾತ್ರ, "ಗುಳಿಗನೂ ಇಲ್ಲ, ಎಂತದೂ ಇಲ್ಲ. ಸೊಕ್ಕು. ಸೊಕ್ಕಿಗೆ ಔಷಧ ನನಗೆ ಗೊತ್ತುಂಟು" ಎಂದರು.

ಔಷಧ ಯಾವುದು? ಹೊರಗೆ ನಿಲ್ಲಿಸುವುದು. ಸೊಕ್ಕು ತೋರಿಸಿದ ದಿನವೆಲ್ಲ ಚಾಂದನಿಯನ್ನು ಅಂಗಳದ ಕಂಬಕ್ಕೆ ಮಧ್ಯಾಹ್ನದ ಬಿಸಿಲಿಗೆ ಕಟ್ಟುವುದು. ಕಣ್ಣಿನಿಂದ ನೀರು ಸುರಿಸುತ್ತಾ ತಲೆ ತಗ್ಗಿಸಿ ನಿಲ್ಲುತ್ತಿತ್ತಂತೆ. ಹೆಂಡತಿ, "ಪಾಪ, ಅಳ್ತದೆ" ಎಂದರೆ ಸರ್, "ನಾಟಕ. ಇಂಥ ನಾಟಕ ನಾನು ಎಷ್ಟು ಕಂಡಿಲ್ಲ" ಎನ್ನುತ್ತಿದ್ದರಂತೆ.

ಇಲ್ಲಿಯವರೆಗೆ ಸರ್ ಕನ್ನಡದಲ್ಲಿ ಹೇಳುತ್ತಿದ್ದರು. ಇಲ್ಲಿಂದ ಮುಂದೆ ಅವರಿಗೇ ತಿಳಿಯದ ಹಾಗೆ ತುಳುವಿಗೆ ಇಳಿದರು. ಸರ್ ಬಾಯಲ್ಲಿ ತುಳು! ನನಗೆ ಅವರ ಕಣ್ಣೀರು ಕಂಡಷ್ಟೇ ಗಾಬರಿಯಾಯಿತು.

ಕೊನೆಗೆ ಬೇಸತ್ತು ಕುದುರೆಯನ್ನು ಮಾರಲು ಹೊರಟರು. ಕೊಳ್ಳುವವರು ಡಾಕ್ಟರ ಸರ್ಟಿಫಿಕೇಟು ಕೇಳಿದರು. ಕಾರ್ಕಳದಿಂದ ಪಶುವೈದ್ಯೆ ಬಂದರು, ಚಿಕ್ಕ ಪ್ರಾಯದ ಹೆಂಗಸು. ಎಡಬದಿಯಿಂದ ಹೋಗಿ ಕಚ್ಚಿಸಿಕೊಳ್ಳುವುದರಲ್ಲಿದ್ದರು, ಕೂಡಲೇ ಸುತ್ತು ಹಾಕಿ ಬಲಬದಿಗೆ ಬಂದರು. ಕಣ್ಣಿನ ಹತ್ತಿರ ಕೈ ಆಡಿಸಿದರು, ಟಾರ್ಚು ಹಿಡಿದರು. "ಸರ್, ಇದಕ್ಕೆ ಎಡಗಣ್ಣು ಸಂಪೂರ್ಣ ಹೋಗಿದೆ. ಬಲಗಣ್ಣಿನ ಒಳಗೆ ಉರಿಯೂತ ಉಂಟು, ಬಂದು ಹೋಗಿ ಮಾಡುವ ಕಾಯಿಲೆ. ಬೆಳಕಿನಿಂದ ನೆರಳಿಗೆ ಬಂದರೆ ಏನೂ ಕಾಣುವುದಿಲ್ಲ" ಎಂದರು. ಆ ತಿರುವು ಬಯಲಿನ ಬಿಸಿಲಿನಿಂದ ಮರಗಳ ಕತ್ತಲಿಗೆ ಹೊಗುವ ಜಾಗ. ಗುಳಿಗ ಪಾಪ, ಅವನ ಪಾಡಿಗೆ ಅವನಿದ್ದ. ಇನ್ನು ಕಚ್ಚುವುದು? ಕುದುರೆಗೆ ತಡಿ ಹಾಕುವುದು, ಹತ್ತುವುದು, ಹಿಡಿದು ನಡೆಸುವುದು ಎಲ್ಲ ಎಡಬದಿಯಿಂದಲೇ ಎಂಬುದು ಪದ್ಧತಿ. ಕಾಣದ ಬದಿಯಿಂದಲೇ ದಿನಾ ಯಾರೋ ಬಂದು ಮೈಮೇಲೆ ಕೈ ಹಾಕಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ಹೊರಡುವಾಗ ಡಾಕ್ಟರು ಒಂದು ಮಾತು ಹೇಳಿದರಂತೆ. "ನೆರಳಿನಲ್ಲೇ ಇಡಿ ಸರ್. ಈ ಕಾಯಿಲೆಗೆ ಬಿಸಿಲು ಅಂದರೆ ಕಣ್ಣಿಗೆ ಮೆಣಸಿನ ಪುಡಿ ಹಾಕಿದ ಹಾಗೆ."

ಸರ್ ಕಥೆಯನ್ನು ಅಲ್ಲಿಗೆ ಮುಗಿಸಿದರು. ನಾನು ಒಳಗೆ ಹೋಗಿ ಕಾಫಿ ತಂದುಕೊಟ್ಟೆ. ವಿದ್ಯಾರ್ಥಿಯ ಮನೆಯಲ್ಲಿ ನೀರು ಮುಟ್ಟದವರು ಕುಡಿದರು. ನಿಂತೇ ಇದ್ದರು. "ಕ್ಷಮಿಸು ಹೇಳಿ ಕೇಳ್ಲಿಕ್ಕೆ ಬಂದದ್ದು" ಎಂದರು.

"ಬಿಡಿ ಸರ್, ಅದೆಲ್ಲ ಯಾವಾಗಿನ ಕಥೆ."

"ಹಂತ ಬಿಟ್ಟು ಉತ್ತರ ಬರೀಬೇಡ."

ಅಷ್ಟು ಸಾಕಾಯಿತು ನನಗೆ. ಒಳಗೆ ಕಟ್ಟಿಟ್ಟದ್ದೆಲ್ಲ ಒಡೆಯಿತು. ಬಿಸಿಲು, ಕಿಟಕಿ, ನಗುವ ಮಕ್ಕಳು, ಅಪ್ಪ ಸಾಕೆಂದದ್ದು, ಪಿಯುಸಿ ಎಂಬ ಸುಳ್ಳು, ಎಲ್ಲ ಹೇಳಿದೆ. ದನಿ ಏರಿಸಿಯೇ ಹೇಳಿದೆ. ಪಕ್ಕದ ಮನೆಯವರು ಇಣುಕಿ ನೋಡಿದರು. ಕೊನೆಗೆ, "ನೀವು ಇಡೀ ಕ್ಲಾಸಿನ ಎದುರು ನನಗೆ ಸೊಕ್ಕು ಹೇಳಿದ್ದು. ಈಗ ಯಾರೂ ಇಲ್ಲದ ನನ್ನ ಜಗುಲಿಗೆ ಬಂದು ಹಿಂದೆ ತೆಗೆದುಕೊಂಡರೆ ಆಗ್ತದಾ ಸರ್?" ಎಂದುಬಿಟ್ಟೆ. ಎಂದ ಕೂಡಲೇ ನಾಲಗೆ ಕಚ್ಚಿಕೊಂಡೆ. ಎದುರಿಗಿದ್ದದ್ದು ಒಬ್ಬ ಮುದುಕ.

ಸರ್ ಕಾಫಿಯ ಲೋಟ ಕೆಳಗಿಟ್ಟರು. "ಆಗುವುದಿಲ್ಲ. ನೀನು ಹೇಳಿದ್ದು ಸರಿ ಉಂಟು" ಎಂದರು. ಛತ್ರಿ ಬಿಡಿಸಿ ಬಸ್ಸಿಗೆ ನಡೆದರು.

ಮಳೆಗಾಲ ಮುಗಿದ ಮೇಲೆ ಕಾಪುವಿನ ಒಂದು ಹಾಲ್‌ನಲ್ಲಿ ಸರ್ ಅವರಿಗೆ ಗುರುವಂದನೆ ಇಟ್ಟರು. ಮುಂದೆ ನಿಂತು ಮಾಡಿಸಿದವನು ಸದಾನಂದ, ನಮ್ಮದೇ ಕ್ಲಾಸಿನವನು, ಈಗ ಉಚ್ಚಿಲದ ಹೆದ್ದಾರಿಯಲ್ಲಿ ದೊಡ್ಡ ಹೋಟೆಲಿನ ಧಣಿ. ಶಾಲೆಯಲ್ಲಿ ನನ್ನಷ್ಟೇ ಪೆಟ್ಟು ತಿಂದವನು ಅವನೊಬ್ಬ. ಕರೆದರೂ ಓಗೊಡುವುದಿಲ್ಲ, ಅಹಂಕಾರಿ ಎಂದು ಅವನಿಗೆ ಬೀಳುತ್ತಿತ್ತು. ಮೈಕ್ ಹಿಡಿದು ಅವನು ಆ ಪೆಟ್ಟುಗಳನ್ನೇ ಒಂದೊಂದಾಗಿ ಬಣ್ಣಿಸಿದ. ಸಭೆ ನಕ್ಕು ನಕ್ಕು ಸುಸ್ತಾಯಿತು. ಆಮೇಲೆ ಶಾಲು, ಹಣ್ಣಿನ ಬುಟ್ಟಿ. ಕೊನೆಗೆ ಸರ್ ಎದ್ದರು.

"ನಾನು ನಿಮಗೆ ಹೊಡೆದದ್ದು ತಪ್ಪು" ಎಂದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ವಿನಯವೆಂದುಕೊಂಡರು. ಸರ್ ಕೈ ಎತ್ತಿ ನಿಲ್ಲಿಸಿದರು. "ಚಪ್ಪಾಳೆ ಬೇಡ. ಒಬ್ಬಳು ಹುಡುಗಿಯನ್ನು ಸೊಕ್ಕಿನವಳು ಹೇಳಿ ನಾನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದೆ. ನೀವೆಲ್ಲ ನೋಡಿದ್ದೀರಿ. ಅವಳಿಗೆ ಸೊಕ್ಕು ಇರಲಿಲ್ಲ. ಬೋರ್ಡು ಕಾಣುತ್ತಿರಲಿಲ್ಲ. ಕಾಣದ್ದು ಅವಳಿಗಲ್ಲ, ನನಗೆ. ಅವಳ ಓದು ಹಾಳು ಮಾಡಿದವನು ನಾನು. ಅವಳು ಈಗ ಇಲ್ಲಿ ಕೂತಿದ್ದಾಳೆ. ಹೆಸರು ನಾನು ಹೇಳುವುದಿಲ್ಲ, ಅದು ಅವಳಿಗೆ ಬಿಟ್ಟದ್ದು."

ಹೇಳಿ ಕಾದರು. ಅವರು ಬಿಸಿಲಿಗೆ ನಿಲ್ಲಿಸಿದವರು ಎಷ್ಟೋ ಮಂದಿ, ಇದು ಯಾರೆಂದು ತಿಳಿಯದೆ ಸಭೆ ಹಿಂದೆ ಮುಂದೆ ತಿರುಗಿ ನೋಡಿತು. ನನ್ನ ಎರಡೂ ಬದಿಯಲ್ಲಿ ನನ್ನ ಗಿರಾಕಿಗಳು. ಎದ್ದು ನಿಂತರೆ ಪಿಯುಸಿ ಹೋಗುತ್ತದೆ, ಹತ್ತನೆಯದು ಫೇಲಾದವಳು ಉಳಿಯುತ್ತಾಳೆ. ಕೇಳಿದವಳು ನಾನೇ, ಕ್ಲಾಸಿನ ಎದುರು ಹೇಳಿ ಎಂದವಳು ನಾನೇ. ಆ ವೃದ್ಧರು ಹೇಳಿದ್ದರು, ಶಾಲು ಹೊದ್ದು ತಲೆ ತಗ್ಗಿಸಿ ಹೇಳಿದ್ದರು. ನಾನು ಸೀರೆಯ ಅಂಚಿನ ನೂಲು ಕೀಳುತ್ತಾ ಕೂತೆ. ಸದಾನಂದ ಮೈಕ್ ತೆಗೆದುಕೊಂಡು, "ನೋಡಿ, ನಮ್ಮ ಸರ್ ಅವರದ್ದು ಎಂಥ ದೊಡ್ಡ ಮನಸ್ಸು" ಎಂದ. ಮತ್ತೆ ಚಪ್ಪಾಳೆ. ನಾಚಿಕೆ ಎಂದರೆ ಎಂತದೆಂದು ಬಿಸಿಲಿನಲ್ಲಿ ನಿಂತಾಗ ನನಗೆ ಗೊತ್ತಾಗಿರಲಿಲ್ಲ, ಆ ಫ್ಯಾನಿನ ಕೆಳಗೆ ಕೂತು ಗೊತ್ತಾಯಿತು.

ಮರುದಿನ ಅವರ ಮನೆಗೆ ಓಡಿದೆ. ಸರ್ ಕೊಟ್ಟಿಗೆಯಲ್ಲಿದ್ದರು. ಚಾಂದನಿಯ ಮುಖಕ್ಕೆ ಹಳೆ ಛತ್ರಿಯ ಬಟ್ಟೆಯಲ್ಲಿ ಹೊಲಿದ ಮುಸುಕು. ಬಾಡಿಗೆ ಸವಾರಿ ಇಲ್ಲ, ಮಾರುವ ಮಾತೂ ಇಲ್ಲ. "ಬಂದೆ ಮಗಾ, ಈ ಬದಿಯಿಂದ ಬಂದೆ" ಎಂದು ದೂರದಿಂದಲೇ ತುಳುವಿನಲ್ಲಿ ಹೇಳಿಕೊಂಡು ಬಲಬದಿಯಿಂದ ಹೋಗಿ ಹುಲ್ಲು ಹಾಕುತ್ತಿದ್ದರು. ಕುದುರೆ ಅವರ ಹೆಗಲಿಗೆ ಗದ್ದ ಊರಿತು.

"ನಿನ್ನೆ ನಾನು ಏಳಲಿಲ್ಲ ಸರ್" ಎಂದೆ.

"ಬಿಡು ಮಾರಾಯ್ತಿ. ಕುದುರೆಯೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಹೇಳದ್ದನ್ನು ಕಾಣಬೇಕಾದವನು ನಾನು ಅಲ್ವಾ? ಈಗ ಒಬ್ಬೊಬ್ಬರ ಹತ್ತಿರ ಹೋಗಿ ಕೇಳ್ತಾ ಇದ್ದೇನೆ, ನಿನಗೂ ಎಂತಾದ್ರೂ ಇತ್ತಾ ಹೇಳಿ. ಎಲ್ಲರೂ ನಕ್ಕು ಕಾಲಿಗೆ ಬೀಳ್ತಾರೆ. ಇನ್ನೂ ಕೆಲವರ ಮನೆಗೆ ಹೋಗ್ಲಿಕ್ಕೆ ಉಂಟು."

ಹೋಗಿ ಮುಗಿಯಿತೋ ಇಲ್ಲವೋ, ಈಗ ಅವರಿಲ್ಲ.

ಕಳೆದ ಭಾನುವಾರ ಅದೇ ಹಾಲ್‌ನಲ್ಲಿ ನುಡಿನಮನ. ಸದಾನಂದನೇ ಮೊದಲು ಮಾತಾಡಿದ. ಅವೇ ಪೆಟ್ಟುಗಳು, ಅದೇ ಉದ್ಧಾರ. ಮುಂದಿನ ಸಾಲಿನಲ್ಲಿ ಸರ್ ಹೆಂಡತಿ ಮುಖ ತಿರುಗಿಸಿ ಕೂತಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಎದ್ದು ಹೋಗಿ ಮೈಕ್ ಹಿಡಿದೆ. "ಅವತ್ತು ಸರ್ ಹೇಳಿದ ಹುಡುಗಿ ನಾನು. ಪಿಯುಸಿ ಓದಿದ್ದೇನೆ ಎಂದು ನಿಮಗೆಲ್ಲ ಹೇಳಿದ್ದು ಸುಳ್ಳು. ಹತ್ತರಲ್ಲಿ ಗಣಿತ ಫೇಲ್. ಸರ್ ವಿನಯಕ್ಕೆ ಹೇಳಿದ್ದಲ್ಲ, ನಿಜ ಹೇಳಿದ್ದು. ಅವರು ಕಾದರು, ನಾನು ಏಳಲಿಲ್ಲ. ದಯವಿಟ್ಟು ಇನ್ನು ಆ ಪೆಟ್ಟನ್ನು ಹೊಗಳಬೇಡಿ. ಅವರಿಗೆ ಅದು ಬೇಡವಾಗಿತ್ತು" ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸರ್ ಹೆಂಡತಿ ಸೆರಗು ಬಾಯಿಗೊತ್ತಿಕೊಂಡರು.

ಮುಗಿಸಿ ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದೆ. ಸದಾನಂದ ಹಿಂದಿನಿಂದ ಬಂದ. ಬೈಯುತ್ತಾನೆ ಎಂದುಕೊಂಡು ಸೊಂಟ ಕಟ್ಟಿ ನಿಂತೆ. ಅವನು ನನ್ನ ಎಡಕ್ಕೆ ನಿಂತಿದ್ದವನು ಸುತ್ತು ಬಂದು ಬಲಕ್ಕೆ ನಿಂತ. ಮುಖದಲ್ಲಿ ಧಣಿಯ ಗತ್ತು ಇರಲಿಲ್ಲ.

"ನನಗೆ ಬಲಗಿವಿ ಚಿಕ್ಕಂದಿನಿಂದಲೇ ಕೇಳುವುದಿಲ್ಲ ಮಾರಾಯ್ತಿ" ಎಂದ. "ಮನೆಯವಳಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ಸರ್ ಹೋಟೆಲಿಗೆ ಬಂದಿದ್ರು. ನಿನಗೂ ಎಂತಾದ್ರೂ ತೊಂದರೆ ಇತ್ತಾ, ನಾನು ನೋಡದೆ ಹೊಡೆದದ್ದಾ, ಕೇಳಿದ್ರು. ನಾನು, ಎಂತ ಇಲ್ಲ ಸರ್, ನಿಮ್ಮ ಪೆಟ್ಟಿನಿಂದಲೇ ನಾನು ಉದ್ಧಾರ ಆದದ್ದು ಅಂತ ಹೇಳಿ, ಊಟ ಮಾಡಿಸಿ ಕಳಿಸಿದೆ."